ಮನೆಗೆ ವಿಡಿಯೋ ಕ್ಯಾಮೆರಾ ತರುವ ಮೊದಲು ಮೈಕ್ ತೂತು ನೋಡಿ

ಮದುವೆ ಸೀಸನ್ ಹತ್ತಿರ ಬಂತು ಅಂದ್ರೆ ನನ್ನ ಸ್ಟುಡಿಯೋಗೆ ಎರಡು ಥರದ ಜನ ಬರುತ್ತಾರೆ. ವಿಡಿಯೋ ಬುಕ್ ಮಾಡಲು ಬರುವವರು ಒಂದು ಥರ. "ಅಣ್ಣ, ಮನೆಗೇ ಒಂದು ಕ್ಯಾಮೆರಾ ತಗೋಬೇಕು ಅಂತಿದೀವಿ, ಜಾಸ್ತಿ ದುಡ್ಡು ಹಾಕೋಕಾಗಲ್ಲ, ಯಾವುದು ಒಳ್ಳೇದು ಹೇಳಿ" ಅನ್ನುವವರು ಇನ್ನೊಂದು ಥರ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ಮದುವೆ, ಉಪನಯನ, ಯಕ್ಷಗಾನ, ತಾಳಮದ್ದಳೆ ಅಂತ ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲದಿಂದ ವಿಡಿಯೋ ತೆಗೆಯುತ್ತಾ ಬಂದಿದ್ದೇನೆ. ಈ ಎರಡನೇ ಥರದವರಿಗೆ ಹೇಳುವುದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಬಂದವರು ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟಿರಬೇಕು, ಫೋರ್‌ಕೆ ಬೇಕಾ ಅಂತ. ನಾನು ತಿರುಗಿ ಕೇಳುವುದು ಬೇರೆ. ಯಾರನ್ನು ತೆಗೆಯುತ್ತೀರಿ? ಅವರು ಎಷ್ಟು ದೂರದಲ್ಲಿರುತ್ತಾರೆ? ಒಂದೇ ಸಲಕ್ಕೆ ಎಷ್ಟು ಹೊತ್ತು ಓಡಬೇಕು? ಅವರು ಮಾತಾಡುತ್ತಾರಾ, ಹಾಡುತ್ತಾರಾ? ಕೊನೇ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ.

ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಕೆಲಸವನ್ನೂ ಮಾಡುತ್ತೇನೆ. ಬಣ್ಣ ಹರಡಿರುತ್ತದೆ, ಅಡ್ಡ ಗೆರೆ ಬಂದಿರುತ್ತದೆ. ಅದನ್ನು ಯಾರೂ ದೂರುವುದಿಲ್ಲ. ತೀರಿಕೊಂಡ ಅಜ್ಜಿ ಹಸೆ ಹಾಡು ಹೇಳುವ ದನಿ ಬಂದ ಕೂಡಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ದನಿ ಕೇಳದೆ ಬರೀ ಗಲಾಟೆ ತುಂಬಿದ್ದರೆ ಮಾತ್ರ, "ಇದನ್ನ ಸ್ವಲ್ಪ ಸರಿ ಮಾಡೋಕಾಗುತ್ತಾ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಮಂಕಾದ ಚಿತ್ರವನ್ನು ಸ್ವಲ್ಪ ಮೇಲೆತ್ತಬಹುದು. ಮೈಕಿಗೆ ತಲುಪದೇ ಹೋದ ಮಾತನ್ನು ಆಮೇಲೆ ಎಲ್ಲಿಂದ ತರುವುದು? ಅದಕ್ಕೇ ಕಡಿಮೆ ದುಡ್ಡಿನಲ್ಲಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಚಿತ್ರಕ್ಕಿಂತ ಮೊದಲು ದನಿಗೆ ದುಡ್ಡು ಎತ್ತಿಡಿ.

ಕ್ಯಾಮೆರಾ ಬೇಕೇ ಬೇಕಾ?

ಮಗು ಹೆಜ್ಜೆ ಇಡುವುದು, ಹುಟ್ಟುಹಬ್ಬದ ಕೇಕು, ಜಗಲಿಯಲ್ಲಿ ಕೂತ ಅಜ್ಜನ ಮಾತು. ಇಷ್ಟೇ ಆದರೆ ಹೊಸ ಕ್ಯಾಮೆರಾ ಬೇಡ. ಎಂಟು ಹತ್ತು ಅಡಿಯೊಳಗೆ, ಕೆಲವು ನಿಮಿಷದ ವಿಡಿಯೋಗೆ ಈಗಿನ ಫೋನೇ ಸಾಕು. ಕತ್ತಲೆ ಕೋಣೆಯಲ್ಲಂತೂ ಕಡಿಮೆ ಬೆಲೆಯ ಹ್ಯಾಂಡಿಕ್ಯಾಮ್‌ಗಿಂತ, ಅಂದ್ರೆ ಕೈಲಿ ಹಿಡಿಯುವ ಸಣ್ಣ ವಿಡಿಯೋ ಕ್ಯಾಮೆರಾಗಿಂತ, ಫೋನೇ ವಾಸಿ. ಸೋನಿಯ ಸಿಎಕ್ಸ್405 ಅಂತ 2015ರಲ್ಲಿ ಬಂದ ಮಾಡೆಲ್ ಒಂದಿದೆ, ಕಡಿಮೆ ಬೆಲೆಯ ಕ್ಯಾಮೆರಾ ಅಂದ್ರೆ ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಅದರ ಸೆನ್ಸರ್ ಅಳತೆ ಇಂಚಿನ 5.8ರಲ್ಲಿ ಒಂದು ಭಾಗ. ಸಾಧಾರಣ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಕೂಡ ಇದಕ್ಕಿಂತ ದೊಡ್ಡದಿರುತ್ತದೆ. ಸೆನ್ಸರ್ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಇಂಥವರಿಗೆ ನಾನು ಹೇಳುವುದು, ಫೋನಿಗೆ ಬಟ್ಟೆಗೆ ಸಿಕ್ಕಿಸುವ ಒಂದು ಕಾಲರ್ ಮೈಕ್, ಫೋನ್ ಸಿಕ್ಕಿಸುವ ಕ್ಲಿಪ್ ಇರುವ ಒಂದು ಸ್ಟ್ಯಾಂಡ್ ತಗೊಳ್ಳಿ ಅಂತ. ಮೂರು ಸಾವಿರದೊಳಗೆ ಮುಗಿಯುತ್ತದೆ.

ಕ್ಯಾಮೆರಾ ಬೇಕಾಗುವುದು ಎರಡು ಕಡೆ. ಒಂದು, ದೂರ. ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತನೇ ಸಾಲಿನಲ್ಲಿ ಕೂತು ಸ್ಟೇಜಿನ ಮೇಲಿನ ಮಗಳ ಮುಖ ಹಿಡಿಯಬೇಕು ಅಂದ್ರೆ ಫೋನಿನ ಕೈಯಲ್ಲಿ ಆಗುವುದಿಲ್ಲ. ಇನ್ನೊಂದು, ಹೊತ್ತು. ಉಪನಯನ ಬೆಳಗಿನ ಜಾವ ಶುರುವಾಗಿ ಊಟದ ಹೊತ್ತಿನವರೆಗೂ ನಡೆಯುತ್ತದೆ. ಫೋನು ಬಿಸಿಯಾಗುತ್ತದೆ, ನಡುವೆ ಯಾರೋ ಕರೆ ಮಾಡುತ್ತಾರೆ, ಜಾಗ ತುಂಬಿತು ಅನ್ನುತ್ತದೆ. ಈ ಎರಡರಲ್ಲಿ ಒಂದಾದರೂ ನಿಮ್ಮ ಮನೆಯಲ್ಲಿ ಆಗಾಗ ಬರುವುದಾದರೆ ಮುಂದೆ ಓದಿ.

ಮೈಕ್ ತೂತು

ಅಂಗಡಿಯಲ್ಲಿ ಕ್ಯಾಮೆರಾ ಕೈಗೆ ಕೊಟ್ಟ ಕೂಡಲೇ ಆನ್ ಮಾಡಬೇಡಿ. ತಿರುಗಿಸಿ, ಬದಿಯ ರಬ್ಬರ್ ಮುಚ್ಚಳ ತೆಗೆದು ನೋಡಿ. ಮೈಕ್ ಅಂತ ಬರೆದ ಮೂರೂವರೆ ಮಿಲಿಮೀಟರಿನ ಸಣ್ಣ ದುಂಡು ತೂತು ಇದೆಯಾ? ಇಯರ್‌ಫೋನಿನ ತೂತೂ ಹೀಗೇ ಇರುತ್ತದೆ, ಪಕ್ಕದ ಗುರುತು ಓದಿಯೇ ನಂಬಿ. ಸಿಎಕ್ಸ್405ರಲ್ಲಿ ಇದು ಇಲ್ಲ. ಪ್ಯಾನಾಸೋನಿಕ್ ವಿ180ರಲ್ಲೂ ಇಲ್ಲ. ಅದೇ ಕಂಪನಿಯ ವಿ785ರಲ್ಲಿ ಇದೆ, ಬೆಲೆ ಜಾಸ್ತಿ. ಕ್ಯಾನನ್‌ನ ಲೆಗ್ರಿಯಾ ಎಚ್‌ಎಫ್ ಆರ್806ರಲ್ಲಿ ಮೈಕ್ ತೂತು, ಇಯರ್‌ಫೋನ್ ತೂತು ಎರಡೂ ಇವೆ. ಸೆಕೆಂಡ್ ಹ್ಯಾಂಡಿನಲ್ಲಿ ಚೆನ್ನಾಗಿರುವ ಪೀಸ್ ಸಿಕ್ಕರೆ ನಾನು ಬಿಡುವುದಿಲ್ಲ.

ಯಾಕೆ ಇಷ್ಟು ಹೇಳುತ್ತೇನೆ ಅಂದ್ರೆ, ಕ್ಯಾಮೆರಾದ ಮೈಯಲ್ಲೇ ಇರುವ ಮೈಕ್ ಹತ್ತಿರದ್ದನ್ನೇ ಜೋರಾಗಿ ಕೇಳಿಸಿಕೊಳ್ಳುತ್ತದೆ. ದೂರ ಎರಡರಷ್ಟಾದರೆ ಮೈಕಿಗೆ ಬರುವ ದನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ನೀವು ನಾಲ್ಕಡಿಯಿಂದ ಎಂಟಡಿಗೆ ಸರಿದರೆ ಅಜ್ಜಿಯ ದನಿ ಅರ್ಧ ಆಯ್ತು. ತಲೆ ಮೇಲಿನ ಫ್ಯಾನಿನ ಸದ್ದು ಮಾತ್ರ ಹಾಗೇ ಇರುತ್ತದೆ. ಜೂಮ್ ಮಾಡಿ ಮುಖವನ್ನು ಹತ್ತಿರ ತರಬಹುದು, ದನಿ ಹತ್ತಿರ ಬರುವುದಿಲ್ಲ. ನೋಡುವವರಿಗೆ ಮುಖ ಇಷ್ಟು ದೊಡ್ಡದಾಗಿ ಕಾಣುತ್ತದೆ, ಕೇಳುವುದು ಪಕ್ಕದಲ್ಲಿ ಕೂತವರು ಕವಳ ಜಗಿಯುವ ಸದ್ದು.

ಕಾಲರ್ ಮೈಕ್ ಒಂದು ತಗೊಳ್ಳಿ. ಬೋಯಾ ಬಿವೈ-ಎಂ1 ಎಲ್ಲ ಕಡೆ ಸಿಗುತ್ತದೆ, ಆರು ಮೀಟರ್ ವೈರ್ ಇದೆ, ಫೋನಿಗೂ ಕ್ಯಾಮೆರಾಗೂ ಆಗುತ್ತದೆ. ಅದರ ವೈರಿನ ನಡುವೆ ಒಂದು ಡಬ್ಬಿ ಇದೆ, ಅದರೊಳಗೆ ಎಲ್‌ಆರ್44 ಅನ್ನುವ ಗುಂಡಿ ಸೆಲ್ ಹಾಕಬೇಕು. ಕ್ಯಾಮೆರಾಗೆ ಹಾಕುವಾಗ ಡಬ್ಬಿಯ ಸ್ವಿಚ್ಚನ್ನು ಕ್ಯಾಮೆರಾ ಕಡೆಗೆ ತಳ್ಳಿ. ಕೆಲಸ ಮುಗಿದ ಮೇಲೆ ವಾಪಸ್ ತಳ್ಳಿಡಿ, ಇಲ್ಲದಿದ್ದರೆ ಸೆಲ್ ಸುಮ್ನೆ ಖಾಲಿಯಾಗುತ್ತದೆ.

ಮೈಕ್ ಸಿಕ್ಕಿಸುವುದರಲ್ಲೂ ಒಂದು ಕ್ರಮ ಇದೆ. ಗದ್ದದಿಂದ ಒಂದು ಗೇಣು ಕೆಳಗೆ ಇರಬೇಕು. ಹೆಂಗಸರಿಗೆ ಎದೆಯ ನಡುವೆ ಸಿಕ್ಕಿಸಿದರೆ ಕರಿಮಣಿ ಸರ ಅಲುಗಾಡಿದಾಗೆಲ್ಲ ಟಿಕ್ ಟಿಕ್ ಅಂತ ಮೈಕಿಗೆ ಬಡಿಯುತ್ತದೆ. ಸೆರಗಿಗೆ ಪಿನ್ ಹಾಕುವ ಭುಜದ ಹತ್ತಿರ, ಸ್ವಲ್ಪ ಒಳಬದಿಗೆ ಹಾಕಿ. ಸೆರಗಿನ ಮಡಿಕೆಯ ಕೆಳಗೆ ಹುದುಗಿಸಿದರೆ ಬಟ್ಟೆ ಉಜ್ಜುವ ಸದ್ದು ಮಾತಿಗಿಂತ ಜೋರು ಬರುತ್ತದೆ. ರೇಷ್ಮೆ ಸೀರೆಯಲ್ಲಂತೂ ಇನ್ನೂ ಜಾಸ್ತಿ. ಗಂಡಸರ ಶಲ್ಯಕ್ಕೂ ಇದೇ ಮಾತು. ವೈರನ್ನು ಒಂದು ಸುತ್ತು ಸಡಿಲವಾಗಿ ಬಿಟ್ಟು, ಕೂತ ಕುರ್ಚಿಯ ಕಾಲಿಗೆ ಒಂದು ಗಂಟು ಹಾಕಿ. ಯಾರಾದರೂ ವೈರ್ ಎಡವಿದರೂ ಮೈಕ್ ಕಿತ್ತು ಬರುವುದಿಲ್ಲ.

ನಾಲ್ಕೈದು ಜನ ಹೆಂಗಸರು ಕೂತು ಹಸೆ ಹಾಡು ಹೇಳುವಾಗ ಕಾಲರ್ ಮೈಕನ್ನು ಒಬ್ಬರಿಗೆ ಸಿಕ್ಕಿಸಿದರೆ ಅವರೊಬ್ಬರದೇ ದನಿ ಬರುತ್ತದೆ, ಉಳಿದವರದು ಹಿಂದೆ ಸರಿಯುತ್ತದೆ. ಅವರ ನಡುವೆ ಒಂದು ಸ್ಟೂಲ್ ಇಟ್ಟು, ಮೇಲೆ ಟವೆಲ್ ಮಡಿಸಿ ಹಾಸಿ, ಅದರ ಮೇಲೆ ಮೈಕ್ ಇಡಿ. ಟವೆಲ್ ಯಾಕೆ ಅಂದ್ರೆ, ತಟ್ಟೆ ಲೋಟ ಇಡುವ ಸದ್ದು ಮರದ ಮೂಲಕ ಮೈಕಿಗೆ ಹೋಗದಿರಲಿ ಅಂತ. ಫ್ಯಾನ್ ಆರಿಸಿ. ಅಡುಗೆಮನೆಯ ಬಾಗಿಲು ಮುಚ್ಚಿ, ಮಿಕ್ಸಿ ಹಾಕಬೇಡಿ ಅಂತ ಮೊದಲೇ ಹೇಳಿ ಬನ್ನಿ. ಮಳೆಗಾಲದಲ್ಲಿ ಜಿಂಕ್ ಶೀಟಿನ ಚಪ್ಪರದ ಕೆಳಗೆ ರೆಕಾರ್ಡ್ ಮಾಡಲು ಹೋಗಬೇಡಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಮುಚ್ಚಿಗೆ (ಮಾಡಿನ ಕೆಳಗಿನ ಮರದ ಒಳಛಾವಣಿ) ಇರುವ ಕೋಣೆ ಇರುತ್ತದಲ್ಲ, ಅಲ್ಲಿ ಕೂರಿಸಿ. ಮಳೆ ಸದ್ದು ಎಷ್ಟೋ ಕಡಿಮೆ.

ಈಗಾಗಲೇ ಮೈಕ್ ತೂತಿಲ್ಲದ ಕ್ಯಾಮೆರಾ ಮನೆಯಲ್ಲಿದ್ದರೆ ಬೇಜಾರು ಬೇಡ. ಕಾಲರ್ ಮೈಕನ್ನು ಒಂದು ಫೋನಿಗೆ ಹಾಕಿ, ರೆಕಾರ್ಡರ್ ಆನ್ ಮಾಡಿ, ಆ ಫೋನನ್ನು ಹಾಡುವವರ ಪಕ್ಕದಲ್ಲೇ ಇಡಿ. ಕ್ಯಾಮೆರಾವನ್ನೂ ಆನ್ ಮಾಡಿ, ಅದರ ಎದುರು ಕೈ ಚಾಚಿ ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಅಂಗೈ ಕೂಡುವ ಚಿತ್ರಕ್ಕೆ ಆ ಟಪ್ ಅನ್ನುವ ಸದ್ದು ಹೊಂದಿಸಿದರೆ ಆಯ್ತು, ಇಡೀ ಹಾಡು ತುಟಿಗೆ ಸರಿಯಾಗಿ ಕೂರುತ್ತದೆ. ಒಂದು ಗಂಟೆ ಮೀರಿದರೆ ಎರಡೂ ಸ್ವಲ್ಪ ಹಿಂದೆಮುಂದೆ ಆಗುತ್ತವೆ, ನಡುವೆ ಇನ್ನೊಂದು ಚಪ್ಪಾಳೆ ಹಾಕಿಕೊಳ್ಳಿ.

ಯಕ್ಷಗಾನ ತೆಗೆಯುವವರು ಇನ್ನೊಂದು ನೋಡಬೇಕು. ಬಹಳಷ್ಟು ಕ್ಯಾಮೆರಾಗಳು ದನಿಯ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಚಂಡೆ ಒಂದು ಪೆಟ್ಟು ಬಿದ್ದ ಕೂಡಲೇ ಕ್ಯಾಮೆರಾ ಹೆದರಿ ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಪದ ಮುಳುಗಿಹೋಗುತ್ತದೆ. ಚಂಡೆ ನಿಂತ ಮೇಲೆ ನಿಧಾನವಾಗಿ ಏರಿಸುತ್ತದೆ, ಆಗ ಬುಸ್ ಅನ್ನುವ ಸದ್ದು ಮೇಲೆ ಬರುತ್ತದೆ. ಮೆನುವಿನಲ್ಲಿ ಮೈಕ್ ಲೆವೆಲ್ ಅಥವಾ ಆಡಿಯೋ ಲೆವೆಲ್ ಅನ್ನು ನಾವೇ ಹಿಡಿದಿಡುವ ವ್ಯವಸ್ಥೆ ಇದೆಯಾ ಅಂತ ಹುಡುಕಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ರೆಕಾರ್ಡ್ ಒತ್ತಿ, ಜೋರಾಗಿ ಚಪ್ಪಾಳೆ ಹೊಡೆದು, ತಕ್ಷಣ ಸಣ್ಣ ದನಿಯಲ್ಲಿ ಒಂದು ವಾಕ್ಯ ಹೇಳಿ. ಆ ವಾಕ್ಯದ ಮೊದಲ ಪದಗಳು ನುಂಗಿಹೋಗಿದ್ದರೆ ಚಂಡೆಯ ಎದುರು ಅದೇ ಆಗುತ್ತದೆ.

ಧ್ವನಿವರ್ಧಕದ ಮಿಕ್ಸರಿನಿಂದ ನೇರವಾಗಿ ವೈರ್ ತಗೊಳ್ಳಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ತಗೊಳ್ಳಬಹುದು. ಆದರೆ ಅಲ್ಲಿಂದ ಬರುವ ಸಿಗ್ನಲ್ ಮೈಕಿನದಕ್ಕಿಂತ ಎಷ್ಟೋ ಪಟ್ಟು ಜೋರು. ಮೈಕ್ ತೂತಿಗೆ ಹಾಗೇ ಚುಚ್ಚಿದರೆ ದನಿ ಒಡೆದು ಬರುತ್ತದೆ. ಅದನ್ನು ತಗ್ಗಿಸಿ ಕೊಡುವ ಕೇಬಲ್ ಬೇರೆ ಇದೆ, ಮೈಕ್ ಸೆಟ್ಟಿನವರ ಹತ್ತಿರ ಮೊದಲೇ ಮಾತಾಡಿ ತರಿಸಿಕೊಳ್ಳಿ.

ಕತ್ತಲೆ ನಡುಮನೆ, ದೂರದ ಸ್ಟೇಜು

ಮಲೆನಾಡಿನ ನಡುಮನೆ ಹಗಲಲ್ಲೂ ಕತ್ತಲೆ. ಒಂದು ಕಡೆ ಬಾಗಿಲಿನಿಂದ ಬಿಸಿಲು ನುಗ್ಗುತ್ತಿರುತ್ತದೆ, ಅದಕ್ಕೆ ಬೆನ್ನು ಹಾಕಿ ಕೂತವರ ಮುಖ ಕಪ್ಪು. ಹೋಮದ ಬೆಂಕಿ ಎದುರಿಗಿದ್ದರೆ ಕ್ಯಾಮೆರಾ ಬೆಂಕಿಯನ್ನೇ ನೋಡಿ ಇಡೀ ಚಿತ್ರ ತಗ್ಗಿಸುತ್ತದೆ, ವಟುವಿನ ಮುಖ ಕಾಣುವುದಿಲ್ಲ. ಇದಕ್ಕೆ ಬೇಕಾದ್ದು ಮೆಗಾಪಿಕ್ಸೆಲ್ ಅಲ್ಲ. ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ "ಇದಕ್ಕೆ ಬೆಳಕು ಸರಿ ಮಾಡು" ಅಂತ ಹೇಳುವ ಸೌಲಭ್ಯ, ಇಲ್ಲವೇ ಬ್ಯಾಕ್‌ಲೈಟ್ ಬಟನ್, ಇಲ್ಲವೇ ಎಕ್ಸ್‌ಪೋಶರ್, ಅಂದ್ರೆ ಚಿತ್ರದ ಬೆಳಕನ್ನು ಕೈಯಾರೆ ಏರಿಸುವ ಮೆನು. ಈ ಮೂರರಲ್ಲಿ ಒಂದಿದ್ದರೂ ಬಚಾವ್.

ಫುಲ್ ಎಚ್‌ಡಿ ಅಂದ್ರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಗುಣಿಸಿದರೆ ಸುಮಾರು 20 ಲಕ್ಷ, ಅಂದ್ರೆ ಎರಡು ಮೆಗಾಪಿಕ್ಸೆಲ್. ಡಬ್ಬಿಯ ಮೇಲೆ ಬರೆದ ದೊಡ್ಡ ದೊಡ್ಡ ಅಂಕಿಗೆ ಮನೆಯ ಟಿವಿಯಲ್ಲಿ ನೋಡುವ ವಿಡಿಯೋ ಜೊತೆ ಅಷ್ಟೇನೂ ಸಂಬಂಧ ಇಲ್ಲ. ಫೋರ್‌ಕೆ ಒಳ್ಳೆಯದೇ, ಆದರೆ ಕಡಿಮೆ ಬೆಲೆಯಲ್ಲಿ ಅದರ ಹಿಂದೆ ಹೋದರೆ ಮೈಕಿಗೆ, ಸ್ಟ್ಯಾಂಡಿಗೆ ದುಡ್ಡು ಉಳಿಯುವುದಿಲ್ಲ. ನಿಮ್ಮ ಕಂಪ್ಯೂಟರ್ ಹಳೆಯದಾದರೆ ಫೋರ್‌ಕೆ ವಿಡಿಯೋ ಅದರಲ್ಲಿ ಸರಿಯಾಗಿ ಓಡುವುದೂ ಇಲ್ಲ.

ಜೂಮಿನಲ್ಲಿ ನೋಡಬೇಕಾದ ಅಂಕಿ ಒಂದೇ, ಆಪ್ಟಿಕಲ್, ಅಂದ್ರೆ ಲೆನ್ಸಿನ ಗಾಜು ಸರಿದು ಹತ್ತಿರ ತರುವುದು. ಡಿಜಿಟಲ್ ಜೂಮ್ ಅಂದ್ರೆ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ಅದನ್ನು ಆಮೇಲೆ ಕಂಪ್ಯೂಟರಿನಲ್ಲೂ ಮಾಡಬಹುದು. ಸಿಎಕ್ಸ್405ರ ಆಪ್ಟಿಕಲ್ ಜೂಮ್ 30 ಪಟ್ಟು, ವಿ180ರದು 50 ಪಟ್ಟು. ಶಾಲೆಯ ಸ್ಟೇಜಿಗೆ 30 ಪಟ್ಟು ಧಾರಾಳ. ಆದರೆ ಪೂರ್ತಿ ಜೂಮ್ ಮಾಡಿದಾಗ ಲೆನ್ಸಿನೊಳಗೆ ಬರುವ ಬೆಳಕು ಕಡಿಮೆಯಾಗುತ್ತದೆ, ರಾತ್ರಿ ಕಾರ್ಯಕ್ರಮದಲ್ಲಿ ಚಿತ್ರ ಮರಳು ಮರಳಾಗುತ್ತದೆ. ಸಾಧ್ಯವಾದರೆ ಜೂಮಿಗಿಂತ ಮುಂದಿನ ಕುರ್ಚಿಯನ್ನೇ ಹಿಡಿಯಿರಿ.

ಜೂಮಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅದರ ಆಚೆ ತುದಿ, ಅಂದ್ರೆ ಎಷ್ಟು ಅಗಲ ಹಿಡಿಯುತ್ತದೆ ಅನ್ನುವುದು. ನಾಮಕರಣಕ್ಕೆ ಹತ್ತಡಿ ಕೋಣೆಯಲ್ಲಿ ಇಪ್ಪತ್ತು ಜನ ತುಂಬಿರುತ್ತಾರೆ, ನಿಮಗೆ ಹಿಂದೆ ಸರಿಯಲು ಗೋಡೆ ಅಡ್ಡ. ಇದನ್ನು ಲೆನ್ಸಿನ ಮಿಲಿಮೀಟರ್ ಅಂಕಿಯಲ್ಲಿ ಬರೆದಿರುತ್ತಾರೆ. ಸೋನಿಯದ್ದು 26.8 ಮಿಲಿಮೀಟರಿನಿಂದ, ಪ್ಯಾನಾಸೋನಿಕ್ ವಿ180 28ರಿಂದ ಶುರುವಾಗುತ್ತದೆ. ಅಂಕಿ ಸಣ್ಣದಾದಷ್ಟೂ ಅಗಲ ಜಾಸ್ತಿ. ಮೇಲೆ ಹೇಳಿದ ಕ್ಯಾನನ್ ಅಷ್ಟು ಅಗಲ ಹಿಡಿಯುವುದಿಲ್ಲ, ಮೈಕ್ ತೂತಿಗಾಗಿ ನಾನು ಅದನ್ನು ಸಹಿಸಿಕೊಳ್ಳುತ್ತೇನೆ. ನಿಮ್ಮ ಕಾರ್ಯಕ್ರಮಗಳೆಲ್ಲ ಸಣ್ಣ ಕೋಣೆಯಲ್ಲೇ ನಡೆಯುವುದಾದರೆ ಸೋನಿ ತಗೊಂಡು ಚಪ್ಪಾಳೆ ಉಪಾಯ ಮಾಡುವುದೇ ವಾಸಿ ಇರಬಹುದು.

ಫೋಟೋ ಕ್ಯಾಮೆರಾದಲ್ಲೇ ವಿಡಿಯೋ ತೆಗೆಯುವ ಯೋಚನೆ ಇದ್ದರೆ ಒಂದು ಮಾತು. ಚಿತ್ರ ಬಹಳ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಅಂಥ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಯುರೋಪಿನಲ್ಲಿ 30 ನಿಮಿಷ ದಾಟಿ ಓಡುವುದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಸುಂಕ ಹಾಕುತ್ತಿದ್ದರು, ಕಂಪನಿಗಳು ಅದಕ್ಕೇ ಹೀಗೆ ಮಾಡಿಟ್ಟವು. ಧಾರೆಯ ನಡುವೆ ಕ್ಯಾಮೆರಾ ನಿಂತರೆ ಪುರೋಹಿತರು ನಿಮಗೋಸ್ಕರ ಕಾಯುವುದಿಲ್ಲ. ಲೆನ್ಸಿನ ಬೆಲೆ ಬೇರೆ ಸೇರುತ್ತದೆ. ಹ್ಯಾಂಡಿಕ್ಯಾಮ್‌ಗೆ ಈ ತೊಂದರೆ ಇಲ್ಲ, ಕಾರ್ಡು ತುಂಬುವವರೆಗೆ, ಬ್ಯಾಟರಿ ಇರುವವರೆಗೆ ಓಡುತ್ತದೆ.

ಅಮೆರಿಕದ ಕ್ಯಾಮೆರಾ ಮತ್ತು ನಮ್ಮ ಟ್ಯೂಬ್‌ಲೈಟು

ಅಮೆರಿಕದಲ್ಲಿರುವ ಮಗ ರಜೆಗೆ ಬರುವಾಗ ಕ್ಯಾಮೆರಾ ತರುವುದು ನಮ್ಮ ಕಡೆ ಸಾಮಾನ್ಯ. ಅದನ್ನು ಹಿಡಿದುಕೊಂಡು ಬಂದು, "ಮನೆಯೊಳಗೆ ತೆಗೆದರೆ ಚಿತ್ರ ಮಿಣಿಮಿಣಿ ಅನ್ನುತ್ತದೆ, ಕೆಟ್ಟಿದೆಯಾ?" ಅಂತ ಕೇಳುತ್ತಾರೆ. ಕೆಟ್ಟಿಲ್ಲ. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ, ಅಮೆರಿಕದಲ್ಲಿ 60 ಸಲ. ಟ್ಯೂಬ್‌ಲೈಟು ನಮ್ಮಲ್ಲಿ ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಇಲ್ಲಿ ಮಾರುವ ಕ್ಯಾಮೆರಾ ಸೆಕೆಂಡಿಗೆ 25 ಅಥವಾ 50 ಚಿತ್ರ ತೆಗೆಯುತ್ತದೆ, ಬೆಳಕಿನ ಲಯಕ್ಕೆ ಹೊಂದುತ್ತದೆ. ಅಲ್ಲಿಯದು 30 ಅಥವಾ 60.

ಮೆನುವಿನಲ್ಲಿ ಪಾಲ್ (ನಮ್ಮ 25, 50ರ ಲೆಕ್ಕ), ಎನ್‌ಟಿಎಸ್‌ಸಿ (ಅಮೆರಿಕದ 30, 60ರ ಲೆಕ್ಕ) ಅಂತ ಇದ್ದರೆ ಪಾಲ್ ಆರಿಸಿ. ಹ್ಯಾಂಡಿಕ್ಯಾಮ್‌ಗಳಲ್ಲಿ ಸಾಮಾನ್ಯವಾಗಿ ಬದಲಿಸಲು ಆಗುವುದಿಲ್ಲ. ಆಗ ಶಟರ್ ಸ್ಪೀಡನ್ನು, ಅಂದ್ರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತನ್ನು, ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ನಿಲ್ಲಿಸಿ. ಪ್ರತಿ ಚಿತ್ರಕ್ಕೂ ಬೆಳಕಿನ ಒಂದು ಪೂರ್ತಿ ಏರಿಳಿತ ಸಿಗುತ್ತದೆ, ಮಿಣುಕು ನಿಲ್ಲುತ್ತದೆ. ಹೊರಗಿನಿಂದ ತರಿಸುವವರು ಶಟರ್ ಕೈಯಾರೆ ಇಡಲು ಬರುತ್ತದಾ ಅಂತ ಮೊದಲೇ ಕೇಳಿಸಿ. ವಾರಂಟಿ ಇಲ್ಲಿ ನಡೆಯುತ್ತದಾ ಅಂತಲೂ ಕೇಳಿ.

ಕಾರ್ಡು, ಬ್ಯಾಟರಿ, ಸ್ಟ್ಯಾಂಡು

ಕಾರ್ಡಿನ ಲೆಕ್ಕ ಸುಲಭ. ಕ್ಯಾಮೆರಾದ ಮೆನುವಿನಲ್ಲಿ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ ಇರುತ್ತದೆ. 28 ಅಂತಿದ್ದರೆ ಗಂಟೆಗೆ ಹನ್ನೆರಡೂವರೆ ಜಿಬಿ ಆಸುಪಾಸು, 50 ಆದರೆ ಇಪ್ಪತ್ತೆರಡೂವರೆ, ಫೋರ್‌ಕೆಯ 100 ಆದರೆ 45 ಜಿಬಿ. ಕಾರ್ಡಿನ ಮೇಲೆ ವೃತ್ತದೊಳಗೆ 10 ಅಂತ ಬರೆದಿದ್ದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯುತ್ತದೆ ಅಂತ ಅರ್ಥ, ಫುಲ್ ಎಚ್‌ಡಿಗೆ ಅದು ಸಾಕು. ಫೋರ್‌ಕೆಗೆ ವಿ30 ಗುರುತಿನದು ತಗೊಳ್ಳಿ. ಒಂದು ದೊಡ್ಡ ಕಾರ್ಡಿಗಿಂತ ಎರಡು 64 ಜಿಬಿ ಇಟ್ಟುಕೊಳ್ಳಿ. ಒಂದು ಕೈಕೊಟ್ಟರೂ ಇನ್ನರ್ಧ ಕಾರ್ಯಕ್ರಮ ಉಳಿಯುತ್ತದೆ.

ಬ್ಯಾಟರಿ ಕ್ಯಾಮೆರಾದ ಹೊರಗೆ ಸಿಕ್ಕಿಸುವಂಥದ್ದಾ, ಮುಚ್ಚಳದೊಳಗೆ ಹೋಗುವಂಥದ್ದಾ ನೋಡಿ. ಹೊರಗೆ ಸಿಕ್ಕಿಸುವುದಾದರೆ ಮುಂದೆ ದೊಡ್ಡ ಬ್ಯಾಟರಿ ಹಾಕಬಹುದು. ಸಿಎಕ್ಸ್405ರದು ಒಳಗೆ ಹೋಗುವ ಸಣ್ಣದು, ಹಾಗಾಗಿ ಜೊತೆಗೆ ಎರಡಾದರೂ ಬೇಕು.

ಸ್ಟ್ಯಾಂಡ್ ಬಿಟ್ಟು ಕೈಯಲ್ಲೇ ಹಿಡಿಯುತ್ತೇನೆ ಅನ್ನುವವರಿಗೆ, ಅರ್ಧ ಗಂಟೆ ಆದ ಮೇಲೆ ತೋಳು ತಾನಾಗಿ ಇಳಿಯುತ್ತದೆ ಅಂತಷ್ಟೇ ಹೇಳುತ್ತೇನೆ. ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ಆಪ್ಟಿಕಲ್ ವ್ಯವಸ್ಥೆ ಇರಲಿ, ಆದರೂ ಜೂಮ್ ಮಾಡಿದಾಗ ಸ್ಟ್ಯಾಂಡೇ ಬೇಕು. ತೀರಾ ಹಗುರ ಸ್ಟ್ಯಾಂಡಿಗೆ ನಡುವಿನ ಕೊಕ್ಕೆಯಲ್ಲಿ ಒಂದು ಚೀಲ ಅಡಿಕೆಯನ್ನೋ ನೀರಿನ ಬಾಟಲಿಯನ್ನೋ ತೂಗುಹಾಕಿ. ಅಂಗಡಿಯಲ್ಲಿ ಹ್ಯಾಂಡಲ್ ಹಿಡಿದು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ. ಜರ್ಕ್ ಹೊಡೆದರೆ ಬೇಡ.

ಬೇಡವೇ ಬೇಡದ್ದು

ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಫೋರ್‌ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್, ನೈಟ್ ವಿಷನ್ ಅಂತ ಹ್ಯಾಂಡಿಕ್ಯಾಮ್ ರೂಪದ ಕ್ಯಾಮೆರಾಗಳು ಸಿಗುತ್ತವೆ. ಯಾವ ಕಂಪನಿ ಅಂತ ಗೊತ್ತಾಗುವುದಿಲ್ಲ, ರಿಪೇರಿಗೆ ಯಾರೂ ಇರುವುದಿಲ್ಲ. ಆ 16 ಪಟ್ಟು ಡಿಜಿಟಲ್ ಜೂಮ್. ಜೂಮ್ ಬಟನ್ ಒತ್ತಿದಾಗ ಒಳಗೆ ಗಾಜು ಸರಿಯುವುದೇ ಇಲ್ಲ. ಮಕ್ಕಳ ಆಸೆಗೆ ಅಂತ ಕಷ್ಟಪಟ್ಟು ದುಡ್ಡು ಕೂಡಿಸಿ ಇಂಥದ್ದು ತರಿಸಿದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅದೇ ದುಡ್ಡಿಗೆ ಒಳ್ಳೆ ಮೈಕ್, ಒಳ್ಳೆ ಸ್ಟ್ಯಾಂಡ್ ಬಂದು ಇನ್ನೂ ಉಳಿಯುತ್ತಿತ್ತು.

ಸೆಕೆಂಡ್ ಹ್ಯಾಂಡಿನಲ್ಲಿ ಕ್ಯಾಸೆಟ್ ಹಾಕುವ ಮಿನಿಡಿವಿ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತದೆ. ಅದರಿಂದ ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಪೋರ್ಟ್ ಬೇಕು, ಈಗಿನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಒಳಗೆ ಹಾರ್ಡ್‌ಡಿಸ್ಕ್ ಇರುವ ಹಳೇ ಮಾಡೆಲುಗಳೂ ಬೇಡ, ಡಿಸ್ಕಿಗೆ ವಯಸ್ಸಾಗಿರುತ್ತದೆ. ಕಾರ್ಡ್ ಹಾಕುವಂಥದ್ದನ್ನೇ ನೋಡಿ.

ಹಳೇ ಕ್ಯಾಮೆರಾ ಕೊಳ್ಳುವಾಗ ಫೋನಿನ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿಯಿರಿ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಎಳೆಯಂಥ ಬಿಳಿ ಗೆರೆ ಕಂಡರೆ ಅದು ಫಂಗಸ್. ನಮ್ಮ ಮಳೆಗೆ, ಕರಾವಳಿಯ ಸೆಕೆಗೆ ಇದು ಬೇಗ ಹಿಡಿಯುತ್ತದೆ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಪರದೆಯನ್ನು ತೆರೆದು, ಮುಚ್ಚಿ, ಪೂರ್ತಿ ತಿರುಗಿಸಿ ನೋಡಿ. ಯಾವುದೋ ಒಂದು ಕೋನದಲ್ಲಿ ಚಿತ್ರ ಮಾಯವಾದರೆ ಒಳಗಿನ ಪಟ್ಟಿ ಕೇಬಲ್ ಸವೆದಿದೆ. ಮೈಕ್ ತೂತಿಗೆ ನಿಮ್ಮದೇ ಮೈಕ್ ಹಾಕಿ, ಪಿನ್ನನ್ನು ಸ್ವಲ್ಪ ಅಲುಗಿಸಿ. ಕರಕರ ಅಂದರೆ ತೂತು ಸಡಿಲ.

ಅಂಗಡಿಗೆ ಹೋಗುವ ದಿನ

ನಿಮ್ಮದೇ ಕಾರ್ಡು, ನಿಮ್ಮದೇ ಇಯರ್‌ಫೋನು ತಗೊಂಡು ಹೋಗಿ. ಎದುರು ರಸ್ತೆಯಾಚೆಯ ಬೋರ್ಡಿಗೆ ಪೂರ್ತಿ ಜೂಮ್ ಮಾಡಿ ಒಂದು ನಿಮಿಷ ತೆಗೆಯಿರಿ. ಕೌಂಟರಿನ ಕೆಳಗಿನ ಕತ್ತಲೆಗೆ ತಿರುಗಿಸಿ ಒಂದು ನಿಮಿಷ. ಜೊತೆಗೆ ಬಂದವರನ್ನು ಬಾಗಿಲಿಗೆ ಬೆನ್ನು ಹಾಕಿ ನಿಲ್ಲಿಸಿ, ಊರಿನ ಹೆಸರು, ಮನೆಯವರ ಹೆಸರು ಹೇಳಿಸಿ. ಆಮೇಲೆ ಚಪ್ಪಾಳೆಯ ಪರೀಕ್ಷೆ. ಅಲ್ಲೇ ಸಣ್ಣ ಪರದೆಯಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಸಣ್ಣ ಪರದೆಯಲ್ಲಿ ಎಲ್ಲವೂ ಚೆಂದ. ಕಾರ್ಡನ್ನು ಮನೆಗೆ ತಂದು ಟಿವಿಗೆ ಹಾಕಿ, ಮನೆಯವರೆಲ್ಲ ಕೂತು ನೋಡಿ. ಮರುದಿನ ಹೋಗಿ ದುಡ್ಡು ಕೊಡಿ. ಇದಕ್ಕೆ ಒಪ್ಪದ ಅಂಗಡಿಯಾದರೆ ಬೇರೆ ಅಂಗಡಿ ಇದೆ.

ಕೈಯಲ್ಲಿ ಮೂವತ್ತು ಸಾವಿರ ಇದ್ದರೆ ನಾನು ಹೀಗೆ ಹಂಚುತ್ತೇನೆ: ಕ್ಯಾಮೆರಾಗೆ ಇಪ್ಪತ್ತೆರಡು ಸಾವಿರದೊಳಗೆ, ಸ್ಟ್ಯಾಂಡಿಗೆ ಎರಡೂವರೆ, ಮೈಕಿಗೆ ಎರಡು, ಕಾರ್ಡು ಮತ್ತು ಇನ್ನೊಂದು ಬ್ಯಾಟರಿಗೆ ಉಳಿದದ್ದು. ಹದಿನೈದು ಸಾವಿರ ಇದ್ದರೆ ಸೆಕೆಂಡ್ ಹ್ಯಾಂಡ್ ನೋಡಿ, ಮೈಕಿನ ಎರಡು ಸಾವಿರಕ್ಕೆ ಮಾತ್ರ ಕೈ ಹಾಕಬೇಡಿ. ಬಿಲ್ ತಗೊಳ್ಳದೆ ಬರಬೇಡಿ. ಬಿಲ್ ಇಲ್ಲದಿದ್ದರೆ ಕಡಿಮೆ ಅಂತ ಹೇಳುತ್ತಾರೆ, ನಾಳೆ ಏನಾದರೂ ಆದರೆ ಸರ್ವಿಸ್ ಸೆಂಟರಿನವರು ಮೊದಲು ಕೇಳುವುದೇ ಅದನ್ನು.

ತಂದ ಮೇಲೆ ಲೆದರ್ ಚೀಲದಲ್ಲಿ ಹಾಕಿ ಕಪಾಟಿನೊಳಗೆ ಇಡಬೇಡಿ, ಲೆದರ್ ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಣಿಗಳ ಬಣ್ಣ ಬದಲಾಯಿತು ಅಂದ್ರೆ ಹೊಸ ಪೊಟ್ಟಣ ಹಾಕಿ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಹೊರಗೆ ತೆಗೆದು ಸ್ವಲ್ಪ ಹೊತ್ತು ಓಡಿಸಿ.

ವಿಡಿಯೋ ಇಳಿಸುವಾಗ ಕಾರ್ಡಿನ ಇಡೀ ಫೋಲ್ಡರನ್ನು ಹಾಗೇ ಕಾಪಿ ಮಾಡಿ. ಹ್ಯಾಂಡಿಕ್ಯಾಮ್ ದೊಡ್ಡ ವಿಡಿಯೋವನ್ನು ತುಂಡು ತುಂಡಾಗಿ ಬರೆಯುತ್ತದೆ. ಒಂದೊಂದೇ ತುಂಡು ಆರಿಸಿ ತೆಗೆದರೆ ಜೋಡಿಸುವ ಜಾಗದಲ್ಲಿ ಮಾತು ಹಾರಿಹೋಗಬಹುದು. ವಾಟ್ಸಾಪಿನಲ್ಲಿ ಕಳಿಸಿದ್ದನ್ನೇ ಅಸಲಿ ಅಂತ ಇಟ್ಟುಕೊಳ್ಳಬೇಡಿ, ಅದು ಹಿಂಡಿ ಸಣ್ಣದಾಗಿಸಿದ್ದು. ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಒಂದನ್ನು ತಂಗಿಯ ಮನೆಯಲ್ಲೋ ಮಾವನ ಮನೆಯಲ್ಲೋ ಇಡಿ. ಅಟ್ಟದ ಮೇಲೆ ಹಳೇ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಅದನ್ನೂ ಇದೇ ವರ್ಷ ಇಳಿಸಿ. ಕ್ಯಾಸೆಟ್ ಓಡಿಸುವ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿತು. ಕೆಲಸ ಮಾಡುವ ವಿಸಿಆರ್ ಇರುವ ಸ್ಟುಡಿಯೋ ಈಗ ಊರಿಗೆ ಒಂದು ಸಿಕ್ಕರೆ ಹೆಚ್ಚು. ಕ್ಯಾಸೆಟ್ಟಿನ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಮನೆಯಲ್ಲಿ ಓಡಿಸಿ ನೋಡಲು ಹೋಗಬೇಡಿ, ಹೆಡ್ಡೂ ಹಾಳು, ಟೇಪೂ ಹಾಳು. ಹಾಗೇ ತಗೊಂಡು ಬನ್ನಿ, ಮೊದಲು ಬೂಸ್ಟು ತೆಗೆದು ಆಮೇಲೆ ಓಡಿಸುತ್ತೇವೆ.